ಎಡಗೈಯ ವಾಚು

ಒಂದು ವಾಚು ತೊಳೆದದ್ದನ್ನು ಕಥೆ ಅಂತ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು, ಅದೂ ಇನ್ನೊಬ್ಬಳ ತಲೆಯೊಳಗೆ ಹೊಕ್ಕು ಕೂತು, ಅವಳು ಯಾರಿಗೂ ಹೇಳದೆ ತನ್ನಷ್ಟಕ್ಕೆ ಅಂದುಕೊಂಡದ್ದನ್ನು — ಅವಳಿಗೆ ಗೊತ್ತಾದರೆ ಅಯ್ಯೋ ಇದರಲ್ಲಿ ಹೇಳೋಕೆ ಏನಿದೆ ಅಂತ ಸೆರಗಲ್ಲಿ ಕೈ ಒರೆಸಿಕೊಂಡು ಎದ್ದು ಹೋಗುವವಳೇ — ಆದರೆ ಗಾಜಿನ ಮೇಲೆ ಒಂದು ಹನಿ ನೀರು ಬಿದ್ದಿದೆಯಲ್ಲ, ಅವಳ ಬೆರಳಿನಿಂದಲೇ ಬಿದ್ದದ್ದು, ಆ ಹನಿಯ ಕೆಳಗೆ ಸೆಕೆಂಡ್ ಮುಳ್ಳು ಹಾದುಹೋಗುತ್ತಿದೆ, ಹೋಗುವಾಗ ಅದರ ಕೆಂಪು ತುದಿ ಊದಿಕೊಂಡು ಹಣ್ಣಿನಷ್ಟು ದಪ್ಪಗಾಗಿ, ಹನಿ ದಾಟಿದ ಮೇಲೆ ಮತ್ತೆ ದಾರದಷ್ಟು ಸಣ್ಣಗೆ, ಗೋಡೆ ಗಡಿಯಾರದ ಮುಳ್ಳಿನ ಹಾಗೆ ಕುಪ್ಪಳಿಸುವುದಿಲ್ಲ ಇದು, ಎಣ್ಣೆಯ ಮೇಲೆ ಬಿಟ್ಟ ಹಾಗೆ ಜಾರುತ್ತದೆ, ಎಲ್ಲಿ ಒಂದು ಸೆಕೆಂಡು ಮುಗಿದು ಇನ್ನೊಂದು ಶುರುವಾಯಿತು ಅಂತ ಬೆರಳಿಟ್ಟು ತೋರಿಸುವ ಹಾಗಿಲ್ಲ, ಎಷ್ಟು ವರ್ಷದಿಂದ ನೋಡುತ್ತಿದ್ದಾಳೆ, ಇವತ್ತು ಮೊದಲ ಸಲ ನೋಡಿದ ಹಾಗೆ ಅಡುಗೆಮನೆಯ ಮೇಜಿನ ಮುಂದೆ ಉಸಿರು ಬಿಗಿಹಿಡಿದು ನಿಂತುಬಿಟ್ಟಿದ್ದಾಳೆ. ಟವೆಲ್ ಹಾಸಿದ್ದಾಗಿದೆ, ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು, ಅದರಲ್ಲಿ ಒಂದೇ ಹನಿ ಶಾಂಪೂ, ಪಕ್ಕದಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಹೊಸದು, ಹಳೆಯದಾದರೆ ಗೀರು ಬಿದ್ದರೆ ಅಂತ ಬೆಳಗ್ಗೆ ತಂದದ್ದು, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ತಂದ ಗಾಜು ಒರೆಸುವ ಬಟ್ಟೆ, ಫೋನು ದೂರದ ಕಿಟಕಿಯಲ್ಲಿ, ಯಾಕೆಂದರೆ ಫೋನಿನೊಳಗೂ ಅಯಸ್ಕಾಂತ ಇರುತ್ತದಂತೆ, ವಾಚಿಗೆ ಆಗಿಬರುವುದಿಲ್ಲವಂತೆ, ಫ್ರಿಜ್ಜಿನ ಬಾಗಿಲಲ್ಲೂ ಇದೆಯಲ್ಲ ಅಂತ ನೆನಪಾಗಿ ಮೇಜನ್ನೇ ಅದರಿಂದ ದೂರ ಎಳೆದಿದ್ದಳು, ಏನೇ ಅದು ಮನೆ ಕೀಳ್ತಾ ಇದ್ದೀಯಾ ಅಂತ ಹೊರಗಿಂದ ಅಮ್ಮ, ಏನಿಲ್ಲಮ್ಮ ಅಂತ ಇವಳು, ಏನಿಲ್ಲ ಅನ್ನುವುದು ಈ ಮನೆಯ ಹಿರಿಮಗಳ ಬಾಯಿಗೆ ಅಂಟಿಕೊಂಡ ಮಾತು.

ಅಪ್ಪನ ಕೈಯಿಂದ ಬಿಚ್ಚುವಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಅಪ್ಪಾ ಕೊಳೆಯಾಗಿದೆ ತೊಳೆದು ಕೊಡ್ತೀನಿ ಅಂದಳು, ಎಡಗೈ ಹಾಸಿಗೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು, ಸ್ಟ್ರೋಕ್ ಆದ ಮೇಲೆ ಆ ಕೈ ಹೀಗೇ, ಬೆಚ್ಚಗಿದೆ, ಉಗುರು ಬೆಳೆಯುತ್ತದೆ, ಆದರೆ ಅವನ ಮಾತು ಕೇಳುವುದಿಲ್ಲ — ಚೈನಿನ ಕೊಂಡಿ ಬಿಡಿಸಿ ಅವಳು ಎತ್ತಿಕೊಂಡದ್ದೇ ತಡ, ಅಷ್ಟು ದಿನದಿಂದ ಸತ್ತ ಹಾಗಿದ್ದ ಮುಳ್ಳು ಅವಳ ಅಂಗೈಯಲ್ಲಿ ಸರಕ್ಕನೆ ಹೊರಟುಬಿಟ್ಟಿತು, ಕದ್ದವಳ ಹಾಗೆ ಮುಷ್ಟಿ ಮುಚ್ಚಿಕೊಂಡಳು, ಅಪ್ಪ ನೋಡಿಬಿಟ್ಟನಾ, ತನ್ನ ಕೈಯಲ್ಲಿ ನಿಂತದ್ದು ಮಗಳ ಕೈಗೆ ಹೋದ ಕೂಡಲೇ ಓಡುವುದನ್ನು ನೋಡಿದರೆ ಅವನಿಗೆ ಹೇಗಾಗಬೇಡ. ಇದು ಕೈ ಆಡಿದರೆ ತಾನೇ ಕೀಲಿ ತುಂಬಿಕೊಳ್ಳುವ ವಾಚು, ಸೆಲ್ಲು ಗಿಲ್ಲು ಇಲ್ಲ, ಅಪ್ಪನ ಕೈಯೇ ಇದರ ಊಟ. ಆಸ್ಪತ್ರೆಯಲ್ಲಿ ನರ್ಸು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದಳು, ಮನೆಗೆ ಬಂದ ದಿನವೇ ಅಪ್ಪ ಬಲಗೈಯಿಂದ ಎಡಗೈ ಮಣಿಕಟ್ಟು ತೋರಿಸಿ ಹಟ ಮಾಡಿ ಕಟ್ಟಿಸಿಕೊಂಡ, ರಾತ್ರಿಯೆಲ್ಲ ಏನಾಯಿತೋ, ಬೆಳಗ್ಗೆ ಕಣ್ಣು ಬಿಟ್ಟು ಮಣಿಕಟ್ಟು ನೋಡಿಕೊಂಡ, ನಿಂತಿತ್ತು, ಬಹಳ ಹೊತ್ತು ನೋಡಿದ, ಆಮೇಲೆ ಗೋಡೆಯ ಕಡೆ ತಿರುಗಿದ, ಅಷ್ಟೇ. ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ, ಅಂಕಲ್ ಒಂದೇ ಒಂದು ಸಲ ಮನಸ್ಸು ಮಾಡಿ ಅಂತ ಅವಳು ಗೋಗರೆದರೆ ಹಿಂಸೆ ಹಿಂಸೆ ಅನ್ನುತ್ತಾನೆ, ಆ ಪದ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಹೋಗುವಾಗ ಅವಳು ಬಾಗಿಲಲ್ಲಿ ಇವಳನ್ನು ನಿಲ್ಲಿಸಿ, ಅಕ್ಕಾ, ಕೈ ವಾಪಸ್ ಬರೋದಿದ್ದರೆ ಈಗಲೇ ಬರಬೇಕು, ಅವರು ಹೀಗೆ ಬಿಟ್ಟುಬಿಟ್ಟರೆ ಆಮೇಲೆ ಯಾರು ಎಳೆದರೂ ಬರಲ್ಲ ಅಂದಳು, ಅದಾದ ಮೇಲೆ ಇವಳಿಗೆ ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುವಾಗಲೂ ಅದೇ ಕೇಳಿಸುತ್ತದೆ, ಈಗಲೇ, ಈಗಲೇ.

ಬಲಗೈಗೆ ಕಟ್ಟೇ, ಓಡುತ್ತೆ, ಓಡೋದು ನೋಡಿ ಮನುಷ್ಯ ಎದ್ದು ಕೂರ್ತಾರೆ ಅಂದಿದ್ದಳು ಅಮ್ಮ, ಕಟ್ಟಲು ಹೋದರೆ ಅಪ್ಪ ಬಲಗೈ ಬೀಸಿದ ರಭಸಕ್ಕೆ ನೀರಿನ ಲೋಟ ಗೋಡೆಗೆ ಬಡಿಯಿತು, ಹಾಗಾದರೆ ಕದ್ದು ಕೀಲಿ ಕೊಡು, ಆ ಗುಂಡಿ ತಿರುಗಿಸಿದರೆ ಓಡಲ್ವಾ, ಇವರಿಗೇನು ಗೊತ್ತಾಗುತ್ತೆ ಅಂದಳು ಅಮ್ಮ, ಅಪ್ಪನಿಗೆ ಗೊತ್ತಾಗುತ್ತಮ್ಮ ಅಂದಳು ಇವಳು, ಹೂಂ ಕಣೆ ನೀನು ಅಪ್ಪನ ಮಗಳು, ಇಬ್ಬರೂ ಸೇರಿ ಆ ವಾಚಿಗೆ ಪೂಜೆ ಮಾಡಿ, ನಾನು ಮನುಷ್ಯನಿಗೆ ಗಂಜಿ ಕುಡಿಸ್ತೀನಿ ಅಂತ ಅಮ್ಮ ಸಿಡುಕಿ ಹೋದಳು, ಬಾಗಿಲ ಆಚೆ ನಿಂತು ಮೂಗು ಸೀಟಿದ್ದು ಕೇಳಿಸಿತು. ಕೀಲಿ ಕೊಡುವ ಹಾಗಿಲ್ಲ, ಅದು ಈ ಮನೆಯ ಕಟ್ಟಳೆ, ವಾಚು ಕೊಟ್ಟ ವಿದೇಶಿ ಹಡಗಿನ ಕ್ಯಾಪ್ಟನ್ನು ಹಾಗೇ ಹೇಳಿದ್ದಾನೆ ಅಂತ ಅಪ್ಪ ನಂಬಿದ್ದಾನೆ, ಹೇಳಿದನೋ ಇಲ್ಲವೋ, ಆ ಕ್ಯಾಪ್ಟನ್ನನ ಭಾಷೆ ಅಪ್ಪನಿಗೆ ಬಾರದು, ಅಪ್ಪನ ಭಾಷೆ ಅವನಿಗೆ ಬಾರದು, ಅವನು ತನ್ನ ಕೈ ಅಲ್ಲಾಡಿಸಿ ತೋರಿಸಿದನಂತೆ, ಆಮೇಲೆ ಪಕ್ಕದ ಗುಂಡಿಯ ಕಡೆ ಬೆರಳು ಮಾಡಿ ಬೇಡ ಅಂತ ತಲೆ ಆಡಿಸಿದನಂತೆ, ಕೀಲಿ ಕೊಡಬೇಕಾಗಿಲ್ಲ ಅಂದಿರಬಹುದು ಪಾಪ, ಅಪ್ಪ ಅದನ್ನು ಕೊಡಕೂಡದು ಅಂತ ತೆಗೆದುಕೊಂಡ, ಅಂದಿನಿಂದ ಗುಂಡಿ ಮುಟ್ಟಿದವನಲ್ಲ, ಟೈಮು ಸರಿಮಾಡಲೂ ಮುಟ್ಟಲಿಲ್ಲ, ವಾಚು ಇಷ್ಟಿಷ್ಟೇ ಮುಂದೆ ಓಡಿಕೊಂಡು, ಎಷ್ಟೋ ವರ್ಷಕ್ಕೊಮ್ಮೆ ರಿಪೇರಿಯವನು ಬಿಚ್ಚಿ ಎಣ್ಣೆ ಹಾಕಿದಾಗ ಅವನೇ ಸರಿಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಮನೆಯಲ್ಲಿ ಎರಡು ಟೈಮು, ಹೊರಡೋಣ ಅಂದರೆ ಅಮ್ಮ ಕೇಳುತ್ತಿದ್ದಳು, ನಿಮ್ಮ ಟೈಮಿಗಾ ಊರ ಟೈಮಿಗಾ.

ಬಂದರಿನಲ್ಲಿ ಅಪ್ಪನಿಗೆ ಹದ್ದು ಅಂತ ಹೆಸರು, ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ದಿನವಿಡೀ ಕೂತು ಕೆಳಗೆ ನೋಡುವವನು, ಕೆಳಗೆ ನಿಂತು ಸಿಳ್ಳೆ ಹಾಕಿ ಕೈಸನ್ನೆ ಮಾಡಿ ಸರಕನ್ನು ಇತ್ತ ತಾ ಅತ್ತ ಇಳಿಸು ಅಂತ ಹೇಳುವವನು ಸಿಳ್ಳೆ ಮಾಮ, ಅವನೀಗಲೂ ವಾರಕ್ಕೊಮ್ಮೆ ಬರುತ್ತಾನೆ, ಬಂದಾಗಲೆಲ್ಲ ಅದೇ ಕಥೆ, ಮಗಳೇ ನಾನು ಇಲ್ಲಿ ಕೂತು ನಿಮ್ಮಮ್ಮನ ಚಹಾ ಕುಡೀತಾ ಇರೋದು ಆ ಎಡಗೈಯಿಂದ, ಚಹಾಕ್ಕೆ ಸಕ್ಕರೆ ಕಮ್ಮಿಯಾದರೂ ನಾನು ಬಾಯಿ ಬಿಡಲ್ಲ ಅನ್ನುವವನು. ಹಡಗಿನ ಹೊಟ್ಟೆಯೊಳಗೆ ದೊಡ್ಡ ಯಂತ್ರವೊಂದನ್ನು ಇಳಿಸುತ್ತಿದ್ದಾರೆ, ಗಾಳಿ ಎದ್ದಿದೆ, ಒಂದು ಕಡೆಯ ಹಗ್ಗ ಜಾರಿದೆ, ಯಂತ್ರ ವಾಲಿದೆ, ಅದರ ಕೆಳಗಿನ ಸಂದಿಯಲ್ಲಿ ಸಿಳ್ಳೆ ಮಾಮ ಮತ್ತು ಹಡಗಿನ ಒಬ್ಬ ಹುಡುಗ ಎಂಜಿನಿಯರು, ಇಬ್ಬರೂ ಮಲಗಿದ ಹಾಗೇ ಸಿಕ್ಕಿಕೊಂಡಿದ್ದಾರೆ, ಯಂತ್ರ ಮೇಲೆ ಹೋದರೆ ಪೂರ್ತಿ ಜಾರುತ್ತದೆ, ಕೆಳಗೆ ಬಂದರೆ ಇಬ್ಬರೂ ಅಪ್ಪಚ್ಚಿ, ಬ್ರೇಕಿನ ಮೇಲೆ ನಂಬಿಕೆ ಇಲ್ಲ, ಅಪ್ಪ ಲಿವರನ್ನು ಎಡಗೈಯಲ್ಲಿ ಹಿಡಿದು ಹಾಗೇ ಕೂತ, ಕೂದಲೆಳೆಯಷ್ಟೂ ಅತ್ತಿತ್ತ ಬಿಡದೆ, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳದೆ, ಸಿಳ್ಳೆ ಕೇಳಿಸುವವರೆಗೆ, ಸಿಳ್ಳೆ ಹಾಕಲು ಮಾಮನಿಗೆ ಬಾಯಿ ಒಣಗಿ ಬರಲೇ ಇಲ್ಲವಂತೆ, ಆಚೆ ಬಂದು ನೀರು ಕುಡಿದು ಆಮೇಲೆ ಹಾಕಿದನಂತೆ, ಅಲ್ಲಿಯವರೆಗೂ ಹದ್ದು ಹಿಡಿದೇ ಇತ್ತು ಮಗಳೇ, ನಾವು ಆಚೆ ಬಂದಿದ್ದು ಕಣ್ಣಾರೆ ಕಂಡರೂ ಸಿಳ್ಳೆ ಆಗದೆ ಬಿಡಲಿಲ್ಲ. ಕ್ಯಾಪ್ಟನ್ನು ಕ್ರೇನಿನ ಏಣಿ ಹತ್ತಿ ಗೂಡಿಗೆ ಬಂದ, ಯಾವ ಕ್ಯಾಪ್ಟನ್ನೂ ಹತ್ತಿದ್ದಿಲ್ಲ, ಲಿವರಿನಿಂದ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಅವನೇ ಬಿಡಿಸಿದ, ಅಷ್ಟು ಸೆಟೆದುಹೋಗಿದ್ದವು, ಬಿಡಿಸಿ ತನ್ನ ಕೈಯ ವಾಚು ಬಿಚ್ಚಿ ಆ ಸೆಟೆದ ಕೈಗೆ ಕಟ್ಟಿದ — ಅವಳು ಈಗ ಬ್ರಷ್ಷು ಹಿಡಿದು ನಿಂತಲ್ಲೇ ಯೋಚಿಸುತ್ತಾಳೆ, ಕೈ ಆಡಿಸಿದ್ದಕ್ಕೆ ಕೊಟ್ಟದ್ದಲ್ಲ ಅದು, ಆಡಿಸದೆ ಇದ್ದದ್ದಕ್ಕೆ, ಇಷ್ಟು ವರ್ಷ ಇದು ಹೊಳೆದಿರಲೇ ಇಲ್ಲವಲ್ಲ.

ಮೊದಲು ಗುಂಡಿ ಬಿಗಿಯಾಗಿದೆಯೇ ನೋಡಬೇಕು, ನೀರಿಗೆ ಹಾಕುವ ಮೊದಲು, ಇಲ್ಲದಿದ್ದರೆ ಒಳಗೆ ನೀರು ಹೋಗಿ ಗಾಜಿನಡಿ ಮಂಜು ಕಟ್ಟಿ ಮುಗಿದೇ ಹೋಯಿತು, ಅಪ್ಪನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು, ಅಂಗಡಿಯ ಪಕ್ಕದ ವಾಚು ರಿಪೇರಿಯವನು ಮೂರು ಸಲ ಹೇಳಿದ್ದಾನೆ, ಅಕ್ಕಾ ಅದು ತಿರುಪಿನ ಗುಂಡಿ, ಬಾಟಲಿಯ ಮುಚ್ಚಳದ ಹಾಗೆ, ಬಿಗಿ ಇದ್ದರೆ ಸಮುದ್ರಕ್ಕೆ ಹಾರಿ, ಸಡಿಲ ಇದ್ದರೆ ಮಳೆಗೂ ಹೋಗಬೇಡಿ. ಬಿಗಿ ಇದೆ. ಇದೆಯಾ, ಇನ್ನೊಮ್ಮೆ ನೋಡುವುದರಲ್ಲಿ ತಪ್ಪೇನು, ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದು ಬೀಗ ಜಗ್ಗುವವಳು, ಒಂಚೂರು ಬಿಚ್ಚಿ ಮತ್ತೆ ಬಿಗಿ ಮಾಡಿದರೆ ಖಾತ್ರಿಯಾಗುತ್ತದೆ ಅಂತ ಬಿಚ್ಚುತ್ತಾಳೆ, ಗುಂಡಿ ಪುಟಕ್ಕನೆ ಹೊರಗೆ ಚಿಮ್ಮಿ ಬೆರಳ ತುದಿಗೆ ತಾಗುತ್ತದೆ, ಮೊಳಕೆ ಹೊರಬಂದ ಹಾಗೆ, ಈಗ ಮುಂದಕ್ಕೆ ತಿರುಗಿಸಿದರೆ ಸಾಕು, ತಿರುಗಿಸುತ್ತಾ ಹೋದರೆ ಹೊಟ್ಟೆ ತುಂಬ ಕೀಲಿ, ನಾಳೆಯೂ ಓಡುತ್ತದೆ ನಾಡಿದ್ದೂ ಓಡುತ್ತದೆ, ದಿನಾ ತೊಳೆಯುವ ನೆವ ಹೇಳಿ ದಿನಾ ತುಂಬಿಸಬಹುದು, ಅಪ್ಪ ಕಣ್ಣು ಬಿಟ್ಟು ನೋಡುತ್ತಾನೆ, ಓಡುತ್ತಿದೆ, ತನ್ನ ಕೈ ಓಡಿಸುತ್ತಿದೆ ಅಂದುಕೊಳ್ಳುತ್ತಾನೆ, ಗೋಡೆ ಬಿಟ್ಟು ಇತ್ತ ತಿರುಗುತ್ತಾನೆ, ಒಂದು ಸುಳ್ಳಿನಿಂದ ಕೈ ಬರುವುದಾದರೆ ಬರಲಿ, ಯಾರಿಗೆ ನಷ್ಟ — ಆದರೆ ಅವನಿಗೆ ಗೊತ್ತಾದರೆ, ಎಂದಾದರೊಂದು ದಿನ ಗೊತ್ತಾಗಿಯೇ ಆಗುತ್ತದೆ, ಅಮ್ಮನ ಬಾಯಲ್ಲಿ ಎಷ್ಟು ದಿನ ನಿಂತೀತು, ಆಗ ಅವನು ವಾಚನ್ನು ಮಾತ್ರವಲ್ಲ ತನ್ನ ಕೈಯನ್ನೂ ನಂಬುವುದಿಲ್ಲ, ಮಗಳನ್ನಂತೂ ಇಲ್ಲವೇ ಇಲ್ಲ. ಗುಂಡಿಯ ಮೇಲೆ ಎರಡು ಬೆರಳು, ಹಲ್ಲುಹಲ್ಲಾದ ಅಂಚು ಚರ್ಮಕ್ಕೆ ಒತ್ತುತ್ತಿದೆ, ಮುಳ್ಳಿನ ಕೆಂಪು ತುದಿ ನೋಡಿಯೂ ನೋಡದ ಹಾಗೆ ಜಾರಿಕೊಂಡು ಹೋಗುತ್ತಿದೆ, ಅವಳು ಒತ್ತಿ ಬಿಗಿ ಮಾಡುತ್ತಾಳೆ, ಬೇಡ. ಬಿಗಿಯಾಯಿತಾ. ಮತ್ತೆ ಬಿಚ್ಚಿ ಮತ್ತೆ ಬಿಗಿ, ಈಗ. ಇನ್ನೊಮ್ಮೆ.

ನೀರಿಗೆ ಇಳಿಸಿದಳು, ಮಗುವಿನ ತಲೆ ಹಿಡಿದು ಸ್ನಾನ ಮಾಡಿಸುವ ಹಾಗೆ ಒಂದು ಕೈ ಅಡಿಯಲ್ಲಿಟ್ಟು, ನೀರಿನೊಳಗೂ ಅದು ಓಡುತ್ತಲೇ ಇದೆ, ಎಷ್ಟು ಧೈರ್ಯ ಅದಕ್ಕೆ, ಗುಳ್ಳೆಗಳು ಗಾಜಿನ ಅಂಚಿಗೆ ಅಂಟಿಕೊಂಡು ಒಂದೊಂದಾಗಿ ಬಿಡುತ್ತಿವೆ, ಚೈನಿನ ಕೊಂಡಿ ಕೊಂಡಿಯ ಸಂದಿಗೆ ಬ್ರಷ್ಷು ಆಡಿಸಿದಾಗ ಬೂದು ಬಣ್ಣದ ದಾರದಂಥದ್ದು ಎದ್ದು ನೀರಿನಲ್ಲಿ ಬಿಚ್ಚಿಕೊಂಡಿತು, ಇನ್ನೊಂದು ಸಂದಿ, ಇನ್ನೊಂದು ದಾರ, ಕಪ್ಪಗೆ ಗ್ರೀಸಿನಂಥದ್ದೂ ಇದೆ, ಅಪ್ಪ ಕ್ರೇನು ಇಳಿದು ಎಷ್ಟೋ ವರ್ಷವಾಯಿತು, ಅಲ್ಲಿಂದ ಇಲ್ಲಿಯವರೆಗೆ ಈ ಸಂದಿಯಲ್ಲಿ ಕೂತಿತ್ತಾ ಅದು, ಅವನ ಬೆವರು, ಚರ್ಮದ ಪುಡಿ, ಬಂದರಿನ ಧೂಳು, ಅವಳ ಮದುವೆಯ ದಿನ ಬೆನ್ನು ಸವರಿದ್ದು ಈ ಕೈಯೇ, ಮದುವೆ ಮುರಿದು ಪೆಟ್ಟಿಗೆ ಹಿಡಿದು ವಾಪಸು ಬಂದ ದಿನ ಏನೂ ಕೇಳದೆ ಪೆಟ್ಟಿಗೆ ಇಸಿದುಕೊಂಡದ್ದೂ ಇದೇ, ಆಗ ಚೈನು ಪೆಟ್ಟಿಗೆಯ ಹಿಡಿಗೆ ತಾಗಿ ಕಿಣ್ ಅಂದಿತ್ತು, ಆ ಸದ್ದೂ ಇಲ್ಲೇ ಎಲ್ಲೋ ಸಂದಿಯಲ್ಲಿ ಇರಬಹುದು. ಒಮ್ಮೆ ರಿಪೇರಿಯವನು ಇದರ ಬೆನ್ನು ಬಿಚ್ಚಿ, ಬನ್ನಿ ಅಕ್ಕಾ ನೋಡಿ ಇಂಥದ್ದು ದಿನಾ ಸಿಗಲ್ಲ ಅಂತ ಕಣ್ಣಿಗೆ ಭೂತಗಾಜು ಕೊಟ್ಟಿದ್ದ, ಉಸಿರು ಬಿಡಬೇಡಿ ಅಂದಿದ್ದ, ಒಳಗೆ ಅರ್ಧಚಂದ್ರದಂಥ ಒಂದು ತೂಕ, ಮುಟ್ಟಿದರೆ ಸಾಕು ತೂಗುತ್ತಿತ್ತು, ಅದರಡಿ ಕೂದಲಿಗಿಂತ ಸಣ್ಣ ಸುರುಳಿಯೊಂದು ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ, ಹಕ್ಕಿಮರಿಯ ಎದೆಯ ಹಾಗೆ, ಅಷ್ಟು ದೊಡ್ಡ ಕ್ರೇನಿನ ತುದಿಯಲ್ಲಿ ಇಷ್ಟು ಸಣ್ಣ ಜೀವ ಅಪ್ಪನ ಕೈಗೆ ಕಟ್ಟಿಕೊಂಡು ಕೂತಿತ್ತಾ ಅಂತ ಅವಳಿಗೆ ಕಣ್ಣು ತುಂಬಿ ಭೂತಗಾಜು ಮಸುಕಾಗಿತ್ತು, ಹೇಳಿದೆನಲ್ಲ ಉಸಿರು ಬಿಡಬೇಡಿ ಅಂತ, ಅಂದಿದ್ದ ಅವನು. ಪೂರ್ತಿ ಕೀಲಿ ಇದ್ದರೆ ಕೈಯಿಂದ ಬಿಚ್ಚಿಟ್ಟರೂ ಎರಡು ದಿನ ಓಡುತ್ತೆ, ಸುಮ್ಮನೆ ಒಂದಿಷ್ಟು ಅಲ್ಲಾಡಿಸಿದರೆ ಕೆಲವು ಗಂಟೆ, ಒಂದು ರಾತ್ರಿ ದಾಟೋದು ಕಷ್ಟ, ಅಂದ. ಇನ್ನೂ ಏನೋ ಅಂದಿದ್ದ, ಅದೀಗ ನೆನಪಾಗುತ್ತಿಲ್ಲ.

ಒಳ್ಳೆಯ ನೀರಿನಲ್ಲಿ ಜಾಲಿಸಿ, ಒತ್ತಿ ಒತ್ತಿ ತೇವ ತೆಗೆದು, ಗಾಜನ್ನು ಅಂಗಡಿಯಲ್ಲಿ ಒರೆಸುವ ಹಾಗೆ ನಡುವಿನಿಂದ ಅಂಚಿಗೆ ಒರೆಸಿ, ಬೆಳಕಿಗೆ ಹಿಡಿದು ಮಂಜಿದೆಯಾ ಅಂತ ಓರೆ ಮಾಡಿ ನೋಡಿ, ಇಲ್ಲ, ಇನ್ನೊಂದು ಓರೆಯಲ್ಲಿ, ಇಲ್ಲ. ಆ ಕೊಳೆ ನೀರು ಯಾಕೆ ಹಾಗೇ ಇಟ್ಟಿದ್ದೀಯ ಚೆಲ್ಲೇ, ಅಮ್ಮ ಬಂದು ಬಟ್ಟಲಿಗೆ ಕೈ ಹಾಕುತ್ತಾಳೆ, ಇರಲಮ್ಮ ಆಮೇಲೆ ಅಂತ ಇವಳು ಗಾಬರಿಯಿಂದ ತಡೆಯುತ್ತಾಳೆ, ಅಮ್ಮ ಬಟ್ಟಲನ್ನು ನೋಡಿದಳು, ಮಗಳನ್ನು ನೋಡಿದಳು, ಅಷ್ಟೂ ಇವರದೇನಾ ಅಂದಳು ಮೆಲ್ಲಗೆ, ಆಮೇಲೆ ಅವಳೂ ಚೆಲ್ಲಲಿಲ್ಲ, ಮೇಲೊಂದು ತಟ್ಟೆ ಮುಚ್ಚಿ ಹೋದಳು, ಹಾಲಿಗೆ ಮುಚ್ಚುವ ಹಾಗೆ. ವಾಚಿನಲ್ಲಿ ಟೈಮು ತಪ್ಪಿದೆ, ನಿಂತಲ್ಲಿಂದ ಮತ್ತೆ ಹೊರಟದ್ದಲ್ಲವೇ, ಊರಿಗೆ ಮಧ್ಯಾಹ್ನವಾದರೆ ಇದಕ್ಕೆ ಇನ್ನೂ ಯಾವುದೋ ಬೆಳಗಿನ ಜಾವ, ಸರಿಮಾಡಲು ಗುಂಡಿ ಎಳೆಯಬೇಕು, ಎಳೆಯಲಿಲ್ಲ, ತಪ್ಪು ಟೈಮಿನಲ್ಲೇ ಅಪ್ಪನ ಎಡಗೈಗೆ ಕಟ್ಟಿದಳು, ತಣ್ಣಗಿತ್ತೋ ಏನೋ ಅವನು ತಲೆ ತಿರುಗಿಸಿ ನೋಡಿದ, ಸ್ಟೀಲು ಹೊಸದರಂತೆ ಹೊಳೆಯುತ್ತಿತ್ತು, ಅವನ ಕಣ್ಣು ಮೊದಲು ಹೋದದ್ದು ಗಂಟೆಯ ಮುಳ್ಳಿಗೆ, ತಪ್ಪಿದೆ ಅಂತ ಕಂಡ, ಯಾರೂ ಗುಂಡಿ ಮುಟ್ಟಿಲ್ಲ ಅಂತ ಕಂಡ, ಅವಳ ಮುಖ ನೋಡಿದ, ತೊಳೆಯುವಾಗ ಅಲ್ಲಾಡಿತಲ್ಲಪ್ಪ ಅದಕ್ಕೆ ಓಡ್ತಾ ಇದೆ, ಸಂಜೆಗೆ ನಿಂತರೂ ನಿಲ್ಲಬಹುದು ಅಂದುಬಿಟ್ಟಳು, ಯಾಕೆ ಅಂದೆನೋ ಎಂದು ನಾಲಿಗೆ ಕಚ್ಚಿಕೊಂಡಳು, ಸುಳ್ಳು ಹೇಳದಿದ್ದರೆ ಬಿಡು, ನಿಜವನ್ನು ನುಂಗಿಕೊಳ್ಳಲೂ ಬಾರದ ಜನ್ಮ. ಅಪ್ಪ ಗೋಡೆಯ ಕಡೆ ತಿರುಗಲಿಲ್ಲ, ಮುಳ್ಳನ್ನೇ ನೋಡುತ್ತಾ ಮಲಗಿದ, ಸಿಳ್ಳೆ ಕಾಯುವವನ ಹಾಗೆ.

ಮಾರನೆಯ ದಿನ ಅಂಗಡಿಯಿಂದ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವಳು ಸಿದ್ಧಮಾಡಿಕೊಳ್ಳುತ್ತಿದ್ದದ್ದು ನಿಂತ ವಾಚಿನ ಮುಂದೆ ಏನು ಹೇಳುವುದು ಅಂತ, ಅದು ಯಂತ್ರ ಅಪ್ಪಾ, ಎಣ್ಣೆ ಒಣಗಿರಬೇಕು ಅನ್ನಲೇ, ಚಪ್ಪಲಿ ಬಿಟ್ಟು ಕೈಚೀಲ ಇಡದೆ ನೇರ ಒಳಗೆ ಹೋದಳು, ಅಪ್ಪ ಇತ್ತ ಮುಖ ಮಾಡಿ ಮಲಗಿದ್ದಾನೆ, ಎಡಗೈ ನಿನ್ನೆ ಇದ್ದಲ್ಲೇ ಇದೆ, ಬಗ್ಗಿದಳು, ಗಾಜಿನಡಿ ಕೆಂಪು ತುದಿ ಜಾರುತ್ತಿದೆ. ಇನ್ನೂ ಬಗ್ಗಿ ಕಿವಿ ಇಟ್ಟಳು, ಇದೆ, ಆ ಹಕ್ಕಿಮರಿಯ ಎದೆ, ಒಂದು ರಾತ್ರಿಯೂ ದಾಟಿ ಒಂದು ಹಗಲೂ ದಾಟಿ. ಟೈಮು ಅದೇ ತಪ್ಪು ಟೈಮು, ಎಲ್ಲೂ ನಿಂತಿಲ್ಲ, ಯಾರೂ ಸರಿಮಾಡಿಲ್ಲ. ಅಡುಗೆಮನೆಗೆ ಓಡಿ, ಅಮ್ಮಾ ನೀನು ಕೀಲಿ ಕೊಟ್ಟೆಯಾ, ನನಗೇನು ಹುಚ್ಚಾ ಅದನ್ನ ಮುಟ್ಟೋಕೆ ಅಂದಳು ಅಮ್ಮ, ಅಪ್ಪನ ಕೈ ಎತ್ತಿದೆಯಾ, ಮೈ ಒರೆಸೋವಾಗ ಎತ್ತಿದೆ, ವಾಚು ಬಿಚ್ಚಿಟ್ಟೇ ಎತ್ತಿದೆ, ಬಿಚ್ಚಿಟ್ಟಿದ್ದೆ ಅಂತಲೇ ನೆನಪು, ಯಾಕೇ ನಿಂತಿದೆಯಾ — ವ್ಯಾಯಾಮದ ಹುಡುಗಿ ಇವತ್ತು ಬರುವ ದಿನವಲ್ಲ, ಸಿಳ್ಳೆ ಮಾಮ ಬಂದಿದ್ದನಂತೆ, ಫೋನು ಮಾಡಿದರೆ, ಇಲ್ಲ ಮಗಳೇ ಕೈ ಹಿಡ್ಕೊಂಡು ಕೂತಿದ್ದೆ ಅಷ್ಟೇ, ನಮ್ಮ ಹಳೇ ಕಥೆ ಹೇಳ್ತಾ ಇದ್ದೆ, ಕಥೆ ಹೇಳೋವಾಗ ನನ್ನ ಕೈ ಸುಮ್ಮನಿರಲ್ಲ ನಿನಗೆ ಗೊತ್ತಲ್ಲ, ಹದ್ದಿನ ಕೈಯೂ ಜೊತೆಗೆ ಆಡಿತೋ ಏನೋ, ನಾನು ನೋಡಲಿಲ್ಲ, ನಾನು ಅವನ ಮುಖ ನೋಡ್ತಾ ಇದ್ದೆ. ಆಗ ನೆನಪಾಯಿತು ರಿಪೇರಿಯವನು ಅಂದಿದ್ದ ಇನ್ನೊಂದು ಮಾತು, ಗುಂಡಿ ಬಿಗಿ ಮಾಡುವಾಗಲೂ ಒಂಚೂರು ಕೀಲಿ ಒಳಗೆ ಹೋಗುತ್ತೆ ಅಕ್ಕಾ, ಹಾಗಾದರೆ ತಾನೇ, ಬಿಚ್ಚಿ ಬಿಗಿ ಮಾಡಿ ಬಿಚ್ಚಿ ಬಿಗಿ ಮಾಡಿ, ಎಷ್ಟು ಸಲ ಮಾಡಿದೆ, ತನ್ನ ಅಂಜಿಕೆಯೇ ಅದರ ಹೊಟ್ಟೆ ಸೇರಿ ಇಷ್ಟು ದೂರ ಓಡಿಸುತ್ತಿದೆಯಾ, ಅಥವಾ ಅಲ್ಲ, ಅಥವಾ — ವಾಪಸು ಬಂದು ಮಂಚದ ಅಂಚಿಗೆ ಕೂತಳು, ಅಪ್ಪಾ ಇದು ಹೇಗೆ ಓಡ್ತಾ ಇದೆ, ಕೇಳಿದಳು, ಕೇಳಬಾರದಿತ್ತೇನೋ, ಅಪ್ಪನ ಬಾಯಿ ಒಂದು ಕಡೆಗೆ ಎಳೆದುಕೊಂಡು, ಪದ ಎಲ್ಲೋ ಕೆಳಗಿನಿಂದ ಹಗ್ಗ ಕಟ್ಟಿ ಎತ್ತಿದ ಹಾಗೆ ನಿಧಾನಕ್ಕೆ ಬಂತು, ಹಿಡ್ಕೊಂಡಿದ್ದೀನಿ, ಅಂದ. ಮುಳ್ಳಿನಿಂದ ಕಣ್ಣು ತೆಗೆಯದೆ, ನಾಳೆ, ಹಿಂಸೆ ಹುಡುಗಿ, ಬರ್ತಾಳಾ, ಅಂದ. ಬರ್ತಾಳಪ್ಪ. ಅವನ ಹೆಬ್ಬೆರಳು ಹಾಸಿಗೆಯ ಮೇಲೆ ಒಳಕ್ಕೆ ಮಡಚಿಕೊಂಡಿತ್ತು, ನಿನ್ನೆಯೂ ಹಾಗೇ ಇತ್ತಾ, ನಿನ್ನೆ ಹೆಬ್ಬೆರಳು ನೋಡಿದ್ದರೆ ತಾನೇ, ವಾಚು ನೋಡಿದಳು, ಗುಂಡಿ ನೋಡಿದಳು, ಇದನ್ನು ನೋಡಲಿಲ್ಲ. ಅಮ್ಮನ ಕೈಯೋ ಮಾಮನ ಕೈಯೋ ತನ್ನ ಅಂಜಿಕೆಯೋ, ಆ ಕೈಯೋ, ಯಾರು ಅಂತ ಅವಳಿಗೆ ಗೊತ್ತಿಲ್ಲ, ಹೇಳುತ್ತಿರುವವರಿಗೂ ಗೊತ್ತಿಲ್ಲ. ಗಾಜಿನಡಿ ಕೆಂಪು ತುದಿ, ಕುಪ್ಪಳಿಸದೆ, ಜಾರುತ್ತಾ, ಆ ಕೆಂಪು ತುದಿ